ಮಹದೇವಪ್ಪನವರು ಓದಿಸಿದ ಅಂಕಿಗಳು

ಮಹದೇವಪ್ಪನವರು ಫೋನ್ ಎತ್ತಿದರೆ ಮಾತಾಡುತ್ತಿರಲಿಲ್ಲ. ರಿಸೀವರನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದರೂ ಒರೆಸಿಕೊಳ್ಳುತ್ತಿರಲಿಲ್ಲ. ಆಮೇಲೆ, "ನೀರು ಸೇರ್ಕೊಂಡದೆ ಕಣಮ್ಮ, ಮಾರಿಗುಡಿ ಪಕ್ಕದ್ ತಂತಿ ಪೆಟ್ಟಿಗೇಲಿ" ಎಂದು ಸೈಕಲ್ ಹತ್ತಿ ಹೋದರೆ ಅರ್ಧ ಗಂಟೆಯಲ್ಲಿ ಫೋನಿನ ಗೊರಗೊರ ನಿಂತಿರುತ್ತಿತ್ತು. ಬೋಗಾದಿಯಲ್ಲಿ ಇನ್ನೂ ರಾಗಿ ಹೊಲಗಳಿದ್ದ ತೊಂಬತ್ತರ ದಶಕದಲ್ಲಿ ಅವರು ನಮ್ಮ ಕಡೆಯ ಟೆಲಿಫೋನ್ ಲೈನ್‌ಮನ್. ಕಾಫಿ ಕೊಟ್ಟರೆ ಲೋಟ ತಾವೇ ತೊಳೆದಿಟ್ಟು ಹೋಗುವವರು. ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಹೊಲಗಳೆಲ್ಲ ಸೈಟುಗಳಾದ ಮೇಲೆ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ವೈದ್ಯರು ಹೇಳಿ ರೆಕಾರ್ಡ್ ಮಾಡಿದ ರೋಗಿಗಳ ವಿವರವನ್ನು ಕೇಳಿ ಟೈಪ್ ಮಾಡಿ ಕಳಿಸುವ ಕೆಲಸ ನನ್ನದು. ಮಗಳಿಗೆ ಆಗ ಎರಡು ವರ್ಷ. ಮನೆಯಲ್ಲೇ ಕೂತು ಮಾಡಬಹುದಾಗಿದ್ದದ್ದು ಅದೊಂದೇ. ಆದರೆ ಆ ವರ್ಷದ ಶ್ರಾವಣದಲ್ಲಿ ಮೋಡೆಮ್ಮಿನ ದೀಪ ದಿನಕ್ಕೆ ಹತ್ತು ಸಲ ಆರತೊಡಗಿತು. ಮೂರು ಬಾರಿ ದೂರು ಕೊಟ್ಟೆ. ಮೂರು ಬಾರಿಯೂ ಯಾರೋ ಬಂದು ಡಯಲ್ ಟೋನ್ ಕೇಳಿ, "ಲೈನ್ ಸರಿಯಾಗೈತಲ್ಲ" ಎಂದು ಹೋದರು. ಇನ್ನೊಂದು ಫೈಲ್ ತಡವಾದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಕಂಪನಿಯವರು ಹೇಳಿಬಿಟ್ಟರು.

ನಾಲ್ಕನೇ ದೂರಿಗೆ ಮಹದೇವಪ್ಪನವರು ಬಂದರು. ನನಗೆ ಹೋದ ಜೀವ ಬಂದಂತಾಯಿತು. ಎಂದಿನಂತೆ ರಿಸೀವರ್ ಕಿವಿಗೊತ್ತಿ ಕಣ್ಣು ಮುಚ್ಚಿದರು. ಬಹಳ ಹೊತ್ತು ನಿಂತು, ನಿಧಾನವಾಗಿ ಕೆಳಗಿಟ್ಟರು.

"ಏನಾದ್ರೂ ಗೊತ್ತಾಯ್ತಾ?" ಎಂದೆ.

"ಮಾತು ಕೇಳಿಸ್ತದೆ ಕಣಮ್ಮ, ಸಣ್ಣ ಸದ್ದು ಕೇಳ್ಸಲ್ಲ. ವರ್ಷ ಆಯ್ತು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆಫೀಸಲ್ಲಿ ಯಾರ್ಗೂ ಹೇಳಿಲ್ಲ. ಗೊತ್ತಾದ್ರೆ ಮೂಲೇಲಿ ಕೂರುಸ್ಬುಡ್ತಾರೆ. ಕಂಬ ಪೆಟ್ಟಿಗೆ ಬುಟ್ಟು ನಂಗೇನ್ ಗೊತ್ತು, ಹೇಳಿ?"

ನಾನು ಕಂಪ್ಯೂಟರಿನಲ್ಲಿ ಮೋಡೆಮ್ಮಿನ ಒಳಪುಟ ತೆರೆದು ತೋರಿಸಿದೆ. ಅಲ್ಲಿ ಲೈನಿನ ಸ್ಥಿತಿ ಎಂಬ ಹೆಸರಿನಡಿ ಸಾಲಾಗಿ ಅಂಕಿಗಳಿದ್ದವು. ನನಗೂ ಅರ್ಥವಾಗುತ್ತಿರಲಿಲ್ಲ, ಅವರಿಗೂ ಇಲ್ಲ. ಕನ್ನಡಕ ಏರಿಸಿ, ದೂರಿನ ಚೀಟಿಯ ಹಿಂದೆ ಒಂದೊಂದನ್ನೂ ಬರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಹಾಜರು. ಎಕ್ಸ್‌ಚೇಂಜಿನ ಎಂಜಿನಿಯರಮ್ಮನ ಹತ್ತಿರ ಪಾಠ ಹೇಳಿಸಿಕೊಂಡು ಬಂದಿದ್ದರು.

"ನೋಡಿ, ಈ ಅಟೆನ್ಯುಯೇಷನ್ ಅಂದ್ರೆ ದಾರಿ ಸುಸ್ತು. ಎಕ್ಸ್‌ಚೇಂಜಿಂದ ನಿಮ್ಮನೇಗ್ ಬರೋದ್ರೊಳಗೆ ಸಿಗ್ನಲ್ ಎಷ್ಟು ಸವೀತು ಅಂತ. ನೀವು ದೂರದೋರು, ಅದಕ್ಕೇನೂ ಮಾಡಂಗಿಲ್ಲ. ಮಾರ್ಜಿನ್ ಅಂದ್ರೆ ಬಂದ್ಮೇಲೂ ಮಿಕ್ಕಿರೋ ಉಸಿರು. ಗಲಾಟೆ ಮಧ್ಯೆ ಇನ್ನೂ ಎಷ್ಟು ತಡ್ಕೋತದೆ ಅಂತ. ಆರಕ್ಕಿಂತ ಕಮ್ಮಿ ಆದ್ರೆ ಲೈನ್ ಬಿದ್ದೋಗ್ತದಂತೆ. ನಿಮ್ದು ಐದು. ಉಸಿರು ಎಲ್ಲೋ ಸೋರ್ತಾ ಅದೆ."

ಅದನ್ನು ಹುಡುಕಲು ಹೊರಟರು. ಒಂದೊಂದು ಪೆಟ್ಟಿಗೆಯ ಬಳಿ ನಿಂತು ಜೋಡಣೆ ಬಿಚ್ಚಿ ಕಟ್ಟುವುದು, ಮೊಬೈಲಿನಲ್ಲಿ ನನಗೆ ಫೋನ್ ಮಾಡಿ, "ಮಾರ್ಜಿನ್ ಓದಿ" ಎನ್ನುವುದು. ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಾನು ಓದುತ್ತಿದ್ದೆ. ಐದು. ಮತ್ತೆ ಐದು. ಒಮ್ಮೆ ನಾಲ್ಕೂವರೆಗಿಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಮೋಡೆಮ್ಮಿನ ದೀಪ ಪೂರ್ತಿ ಆರಿ, ಮಿಣುಕಿ, ಮತ್ತೆ ಹತ್ತಿತು. ಫೋನ್ ಬಂತು.

"ಹನ್ನೊಂದು!" ಎಂದು ಕೂಗಿದೆ.

"ಎಷ್ಟು?"

"ಹನ್ನೊಂದು ಮಹದೇವಪ್ಪನವರೇ, ಹನ್ನೊಂದು!"

"ಇನ್ನೊಂದ್ ಸಲ ಹೇಳಿ ಕಣಮ್ಮ" ಎಂದರು. ಈ ಬಾರಿ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು.

ಹೊಸ ಕಾಂಪೌಂಡಿಗೆ ಪಾಯ ತೆಗೆದವರು ತಂತಿ ಎಳೆದುಹಾಕಿ, ಒಂದು ಜೋಡಣೆ ಸಡಿಲವಾಗಿ ಕಿಲುಬು ಹಿಡಿದಿತ್ತಂತೆ. ಅಷ್ಟಾದರೂ ದೂರಿನ ಚೀಟಿಗೆ 'ಸರಿಯಾಯಿತು' ಎಂದು ಸಹಿ ಹಾಕಲಿಲ್ಲ. ಎರಡು ದಿನ ಬಂದು ಅಂಕಿ ನೋಡಿ ಆಮೇಲೆ ಹಾಕಿದರು. ನನ್ನ ಒಂದು ಫೈಲೂ ಮತ್ತೆ ತಡವಾಗಲಿಲ್ಲ.

ಅದೇ ವಾರ ಅವರು ಎಂಜಿನಿಯರಮ್ಮನ ಮುಂದೆ ನಿಂತು ಕಿವಿಯ ವಿಷಯ ಹೇಳಿಬಿಟ್ಟರಂತೆ. ಆಕೆ ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಬ್ರಾಡ್‌ಬ್ಯಾಂಡ್ ದೂರುಗಳನ್ನೆಲ್ಲ ಅವರಿಗೇ ವಹಿಸಿದರು. ನಿವೃತ್ತಿಯವರೆಗೂ ಬಡಾವಣೆಯ ಮನೆಮನೆಯಲ್ಲಿ "ಮಾರ್ಜಿನ್ ಓದಿ" ಎನ್ನುತ್ತಾ ಓಡಾಡಿದರು.

ಈಗ ಅವರಿಲ್ಲ. ಕೊನೆಯ ಸಲ ಸಿಕ್ಕಿದ್ದು ಒಂಟಿಕೊಪ್ಪಲಿನ ಬಸ್ ಸ್ಟಾಪಿನಲ್ಲಿ, ನಿವೃತ್ತರಾಗಿ ಎರಡು ವರ್ಷಕ್ಕೆ. ಹೆಬ್ಬಾಳಕ್ಕೆ ಮಗಳ ಮನೆಗೆ ಹೊರಟಿದ್ದರು. ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಅಂದು ಹೇಳಿದೆ. "ಆವತ್ತು ನೀವು ಬರದಿದ್ರೆ ನನ್ನ ಕೆಲಸ ಹೋಗ್ತಿತ್ತು."

ಅವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವರು ತಿರುಗಿದರು.

"ನಂದೂ ಹೋಗ್ತಿತ್ತು ಕಣಮ್ಮ" ಎಂದರು.