ಇನ್‌ಕ್ಯುಬೇಟರಿನೊಳಗೆ ಒಂದು ಚೆಂಡು ಹೂವು

ಬೆಳಿಗ್ಗೆ ಐದೂವರೆ. ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳು ಇಳಿಯುತ್ತಿವೆ. ಹಿಂದಿನ ಅಡ್ಡರಸ್ತೆಯ ಸಂಶೋಧನಾಲಯದಲ್ಲಿ ಅಟೆಂಡರ್ ಮರಿಯಣ್ಣ ಕನ್ನಡಕ ಮೇಲೆತ್ತಿ, ಜೀವಕೋಶಗಳನ್ನು ಬೆಳೆಸುವ ಇನ್‌ಕ್ಯುಬೇಟರಿನ ಅಂಕಿ ನೋಡುತ್ತಾರೆ: ಮೂವತ್ತೇಳು ಡಿಗ್ರಿ. ಆಮೇಲೆ ಬಾಟಲಿ ತೊಳೆಯಲು ನಿಲ್ಲುತ್ತಾರೆ. ದಿನಕ್ಕೆ ಇನ್ನೂರು ಬಾಟಲಿ, ಹತ್ತೊಂಬತ್ತು ವರ್ಷದಿಂದ. ನಾನು ಪತ್ರಿಕೆಯ ವರದಿಗಾಗಿ ಇಲ್ಲಿಗೆ ಎರಡು ಸಲ ಬಂದು ವಿಜ್ಞಾನಿಗಳನ್ನು ಮಾತನಾಡಿಸಿಕೊಂಡು ಹೋಗಿದ್ದೇನೆ. ಎರಡೂ ಸಲ ಗೇಟು ತೆಗೆದವರು ಇವರೇ. ಹೆಸರು ಕೇಳಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಳಗೆ ನಡೆಯುವ ಕೆಲಸವನ್ನು ಅವರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. "ಕ್ಯಾನ್ಸರ್ ಗಡ್ಡೆ ಎಲ್ಲಿದೆಯೋ ಈ ಸ್ಟೆಮ್ ಸೆಲ್ಲುಗಳು ಹುಡುಕ್ಕೊಂಡು ಹೋಗ್ತಾವೆ ಸಾರ್. ಗಡ್ಡೆ ಜೊತೆ ಹೋರಾಡೋ ಆಂಟಿಬಾಡೀನ ಅಲ್ಲೇ ತಯಾರಿಸೋ ಹಂಗೆ ಮೇಡಂ ಅವನ್ನ ಪಳಗಿಸ್ತಾರೆ. ಔಷಧಿ ಮೈಗೆಲ್ಲ ಹರಡದೆ ಬೇಕಾದ ಜಾಗಕ್ಕೇ ತಲುಪ್ಲಿ ಅಂತ. ಸದ್ಯಕ್ಕೆ ಇಲಿಗಳ ಮೇಲೆ ನೋಡ್ತಿದಾರೆ." ಮೇಡಂ ಎಂದರೆ ಯುವ ವಿಜ್ಞಾನಿ ತೇಜಶ್ರೀ. ಅವರ ಮಾತು ಬಂದಾಗ ಮರಿಯಣ್ಣ ನಲ್ಲಿ ನಿಲ್ಲಿಸುತ್ತಾರೆ.

ಹೋದ ವರ್ಷದ ಆಯುಧಪೂಜೆ. ಎಲ್ಲರೂ ಮನೆಗೆ ಹೋದ ಮೇಲೆ ಮರಿಯಣ್ಣ ಮೈಕ್ರೋಸ್ಕೋಪಿಗೆ, ಫ್ರಿಜ್ಜಿಗೆ ಕುಂಕುಮ ಇಟ್ಟಿದ್ದರು. "ಇನ್‌ಕ್ಯುಬೇಟರ್ ಬಾಗ್ಲು ತೆಗೀಬಾರ್ದು ಅಂತ ಗೊತ್ತಿತ್ತು. ಅದೊಂದನ್ನೇ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಒಳಗೊಂದು ಚೆಂಡು ಹೂ ಇಟ್ಟೆ. ಮಾರನೇ ದಿನ ಬೆಳಿಗ್ಗೇನೇ ತೆಗೆದ್ಬಿಟ್ಟೆ."

ನಾಲ್ಕನೇ ದಿನಕ್ಕೆ ಜೀವಕೋಶಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಎಂಟು ತಿಂಗಳ ಕೆಲಸ ಮಣ್ಣುಪಾಲಾಯಿತು. ಕೈ ಶುದ್ಧ ಮಾಡಿಕೊಳ್ಳದೆ ಮುಟ್ಟಿದ್ದಾರೆಂಬ ಅಪವಾದ ತೇಜಶ್ರೀ ತಲೆಗೆ ಬಂತು. ಅವರ ಕೈಯಲ್ಲಿದ್ದ ತಂಡದ ಹೊಣೆಯನ್ನು ಬೇರೆಯವರಿಗೆ ಕೊಟ್ಟರು. ಮರಿಯಣ್ಣ ಬಾಯಿ ಬಿಡಲಿಲ್ಲ.

"ಮೇಡಂ ದಿನಾ ಬಂದ ತಕ್ಷಣ 'ಕಾಫಿ ಆಯ್ತಾ ಮರಿಯಣ್ಣ' ಅಂತಾರೆ. ತಲೆ ಎತ್ತಕ್ಕಾಗಲ್ಲ ಸಾರ್. ನೀವೇ ಪೇಪರಲ್ಲಿ ಬರೆದ್ಬಿಡಿ."

ಪೇಪರಿಗಿಂತ ಮೊದಲು ಮೇಡಂಗೆ ಹೇಳಬೇಕಲ್ಲವೇ ಎನ್ನುತ್ತೇನೆ. ಮರಿಯಣ್ಣ ಉಳಿದ ಬಾಟಲಿಗಳನ್ನು ತೊಳೆದು ಮುಗಿಸುತ್ತಾರೆ. ಎಂಟೂವರೆಗೆ ತೇಜಶ್ರೀ ಒಳಗೆ ಬರುತ್ತಿದ್ದಂತೆ ಒದ್ದೆ ಕೈಯಲ್ಲೇ ಎದುರು ನಿಂತು ಎಲ್ಲವನ್ನೂ ಹೇಳಿಬಿಡುತ್ತಾರೆ. ಆಕೆ ಬೈಯುವುದಿಲ್ಲ. ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. "ಒಂದು ವರ್ಷ ನನ್ನ ಕೈ ಮೇಲೇ ನಂಗೆ ನಂಬಿಕೆ ಇರ್ಲಿಲ್ಲ ಮರಿಯಣ್ಣ" ಎಂದಷ್ಟೇ ಹೇಳಿ ಎದ್ದು ಹೋಗುತ್ತಾರೆ.

ಹೊರಡುವಾಗ ನಾನು ಮೊಬೈಲ್ ತೆಗೆದು, ಫೋಟೋಗೆ ನಿಲ್ಲಿ ಎನ್ನುತ್ತೇನೆ. ಮರಿಯಣ್ಣ ಮುಖ ತಿರುಗಿಸುತ್ತಾರೆ.

"ನಂದು ಬೇಡ ಸಾರ್. ಮೇಡಂದು ಹಾಕಿ. ಕೆಳಗೆ, ಅವರ ತಪ್ಪೇನೂ ಇರ್ಲಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೀರಿ."