ಸೂರ್ಯಕಾಂತಿ ಹೊಲದ ಬದುವಿನಲ್ಲಿ ಒಂದು ಶ್ರಾವಣ ಸೋಮವಾರ

ಕಣ್ಣು ಬಿಟ್ಟಾಗ ಸೂರ್ಯಕಾಂತಿ ಹೂಗಳು ಮುಖದ ಮೇಲೆ ಬಗ್ಗಿ ನೋಡುತ್ತಿದ್ದವು. ಡಿ. ಹಿರೇಹಾಳಿನಲ್ಲಿ ನಮ್ಮಪ್ಪನ ಹೊಲದಲ್ಲಿ ಮಲಗಿದ್ದೇನೆ ಅಂದುಕೊಂಡೆ. ಅಷ್ಟರಲ್ಲಿ ನೀಲಿ ಕಣ್ಣಿನ ಹೆಂಗಸೊಬ್ಬಳು ನನ್ನ ಕೆನ್ನೆ ತಟ್ಟಿ, ಬಾಯಿಗೆ ಸಕ್ಕರೆ ತುಂಡು ತುರುಕಲು ಬಂದಳು. ನಾನು ಹಲ್ಲು ಬಿಗಿಹಿಡಿದೆ. ಅವತ್ತು ಶ್ರಾವಣ ಸೋಮವಾರ. ಸಂಜೆ ಪೂಜೆಯಾಗುವ ತನಕ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗುವಂತಿರಲಿಲ್ಲ.

ಆಕೆ ಮಿರೇಯ್, ನಮ್ಮ ಪಕ್ಕದ ಮನೆಯವಳು, ಅಂಚೆ ಹಂಚುವ ಕೆಲಸ ಮಾಡಿ ನಿವೃತ್ತಳಾದವಳು. ಹೊಲ ಇದ್ದದ್ದು ಫ್ರಾನ್ಸಿನ ಹಳ್ಳಿಗಾಡಿನಲ್ಲಿ. ನಾನು ಬಿದ್ದದ್ದು ಸೈಕಲ್ಲಿನಿಂದ.

ಹೇಗೆ ಅಲ್ಲಿಗೆ ಹೋದೆ ಅಂತ ಹೇಳಬೇಕು. ನಮ್ಮ ಮನೆಯವರು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರು. ಮಗಳ ಮದುವೆ ಮುಗಿದ ವರ್ಷ ಇಲ್ಲಿಯ ಸಣ್ಣ ಊರಿನ ಕಾರ್ಖಾನೆಯೊಂದು ಅವರ ಕೈಚಳಕ ಮೆಚ್ಚಿ ಕರೆಸಿಕೊಂಡಿತು. ಅವರ ಹಿಂದೆ ನಾನು ಬಂದೆ. ಸಿಕ್ಕ ಮನೆಯ ಗೋಡೆ ನಮ್ಮ ದುರ್ಗದ ಕೋಟೆಯಷ್ಟು ದಪ್ಪ, ಆದರೆ ಹೊಸ್ತಿಲೇ ಇಲ್ಲ. ಮೊದಲ ದಿನ ಬಾಗಿಲಲ್ಲಿ ರಂಗೋಲಿ ಹಾಕಿದೆ. ಯಾರೋ ಸುಣ್ಣ ಚೆಲ್ಲಿದ್ದಾರೆ ಅಂತ ಮನೆಯ ಮಾಲೀಕಳು ಒರೆಸಿದಳು. ಮರುದಿನ ಮತ್ತೆ ಹಾಕಿದೆ. ಮತ್ತೆ ಒರೆಸಿದಳು. ಮೂರನೆಯ ದಿನ ರಂಗೋಲಿ ತುಳಿಯದಂತೆ ದಾಟಿಕೊಂಡು ಹೋದಳು. ದೇವರು ದೊಡ್ಡವನು.

ರಾಯದುರ್ಗದ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದವಳು ನಾನು. ಇಲ್ಲಿ 'ಬೋಂಜೂರ್' ಎಂಬ ನಮಸ್ಕಾರದ ಮಾತು ಆದ ಮೇಲೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಇವರು ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಮಾತಿಗೆ ಸಿಗುತ್ತಿದ್ದವನು ಶಿವನೊಬ್ಬನೇ. ಆರು ತಿಂಗಳು ಬರೀ ಬ್ರೆಡ್ಡು. ಒಂದು ದಿನ ರೈತರ ಸಂತೆಯಲ್ಲಿ 'ಸೊರ್ಗೊ' ಅಂತ ಬರೆದ ಚೀಲದೊಳಗೆ ಕೈಯಿಟ್ಟು ಮೂಸಿದರೆ ನಮ್ಮ ಜೋಳದ ಹಿಟ್ಟು! ಅಂಗಡಿಯವನ ಮುಂದೆಯೇ ಅತ್ತುಬಿಟ್ಟೆ. ಪಾಪ, ಅವನು ಹೆದರಿ ಒಂದು ಹಿಡಿ ಹೆಚ್ಚಿಗೆ ಹಾಕಿದ.

ಆ ಸಂತೆ ಎರಡು ಊರಾಚೆ, ಬಸ್ಸಿಲ್ಲ. ಮಿರೇಯ್ ತನ್ನ ಹಳೆಯ ಸೈಕಲ್ ಕೊಟ್ಟು ಕಲಿಸಿದಳು. ನಲವತ್ತೇಳನೇ ವಯಸ್ಸಿನಲ್ಲಿ ಎರಡೂ ಮೊಣಕಾಲು ಸುಲಿದುಕೊಂಡೆ. ರಾಯದುರ್ಗದಲ್ಲಿ ಹೀಗೆ ಸೈಕಲ್ ಹತ್ತಿದ್ದರೆ ಓಣಿಗೆ ಓಣಿಯೇ ಹೊರಗೆ ಬಂದು ನಿಲ್ಲುತ್ತಿತ್ತು. ಇಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅದಕ್ಕೆ ಹಿಗ್ಗಬೇಕೋ ಬೇಜಾರಾಗಬೇಕೋ ಇನ್ನೂ ತಿಳಿದಿಲ್ಲ.

ಮಿರೇಯ್ ಮತ್ತು ಅವಳ ಇಬ್ಬರು ಗೆಳತಿಯರು ಪ್ರತಿ ಆಗಸ್ಟಿನಲ್ಲಿ ಡೇರೆ ಕಟ್ಟಿಕೊಂಡು ಒಂಬತ್ತು ದಿನ ಸೈಕಲ್ ತುಳಿದು ಸಮುದ್ರಕ್ಕೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದರು. ಮೂರು ದಿನ ಚೆನ್ನಾಗಿ ತುಳಿದೆ. ನಾಲ್ಕನೆಯದು ಸೋಮವಾರ. ನಮ್ಮತ್ತೆ ಒಪ್ಪತ್ತಿದ್ದುಕೊಂಡೇ ಶ್ರೀಶೈಲಕ್ಕೆ ನಡೆದವರು, ನನಗೆ ಸೈಕಲ್ ಇದೆಯಲ್ಲ ಅಂತ ಧೈರ್ಯ. ಬೆಳಿಗ್ಗೆ "ಹೊಟ್ಟೆ ಸರಿಯಿಲ್ಲ" ಅಂತ ಸುಳ್ಳು ಹೇಳಿ ಹೊರಟೆ. ಮಧ್ಯಾಹ್ನದ ಏರಿನಲ್ಲಿ ಕಣ್ಣು ಕತ್ತಲಾಯಿತು. ಬಿದ್ದದ್ದು ಬದುವಿನ ಹುಲ್ಲಿನ ಮೇಲೆ. ಎಲುಬು ಮುರಿಯಲಿಲ್ಲ, ಕೊರಳಿನ ಲಿಂಗಕ್ಕೆ ಪೆಟ್ಟಾಗಲಿಲ್ಲ.

ಹೊಲದ ಒಡತಿ ಒದೆತ್, ಕುರಿ ಸಾಕಿಕೊಂಡ ಮುದುಕಿ, ನಮ್ಮನ್ನು ತನ್ನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮಿರೇಯ್‌ಗೆ ನನ್ನ ಹರಕುಮುರುಕು ಫ್ರೆಂಚಿನಲ್ಲಿ ನಿಜ ಹೇಳಿದೆ. ಅವಳು ಬೈದದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಹೊಟ್ಟಿಗೆ ಹಾಕ್ದೆ ಗುಡ್ಡ ಹತ್ತಾಕ ಬಂದೀಯಲ್ಲ, ಬುದ್ಧಿ ಐತೇನು? ನಿನ್ನ ದೇವ್ರು ಎಂದಾದ್ರೂ ಸೈಕಲ್ ತುಳಿದಾನೇನು?"

"ಇಲ್ಲವ್ವ, ಅವನು ಎತ್ತಿನ ಮ್ಯಾಲೆ ಹೋಗ್ತಾನ."

ಅವಳಿಗೆ ನಗು ಬಂತು, ಆದರೂ ಸಿಟ್ಟು ಇಳಿಯಲಿಲ್ಲ. "ನಾಳೆ ರೈಲು ಹತ್ತಿಸ್ತೀನಿ, ಮನೀಗೆ ಹೋಗು. ದಾರ್ಯಾಗ ನೀ ಮತ್ತ ಬಿದ್ರ ನಾ ಹೊರೋದಿಲ್ಲ." ನಮ್ಮ ಮನೆಯವರಿಗೆ ಫೋನ್ ಹಚ್ಚಿ, ಎಲ್ಲ ಹೇಳಿ, ನನ್ನ ಕೈಗೆ ಕೊಟ್ಟಳು. ಇವರೂ ಅದೇ ರಾಗ.

"ಆಕಿ ಹೇಳಿದಂಗ ಕೇಳು. ರೈಲು ಹತ್ತು."

"ನಿಮ್ಮವ್ವ ಒಪ್ಪತ್ತಿನಾಗ ಶ್ರೀಶೈಲಕ್ಕ ನಡೀಲಿಲ್ಲೇನ್ರಿ?"

"ಅವ್ವಗ ದಾರಿಗುಂಟ ಮಜ್ಜಿಗಿ ಕೊಡೋರಿದ್ರು, ಕಾಲು ಒತ್ತೋರಿದ್ರು. ಅಲ್ಲಿ ನಿನಗ್ಯಾರದಾರ?"

ಒದೆತ್ ಅಷ್ಟೊತ್ತಿಗೆ ನನ್ನ ಸುಲಿದ ಮೊಣಕೈಯನ್ನು ಬಿಸಿನೀರಲ್ಲಿ ಒರೆಸುತ್ತಿದ್ದಳು. "ಅದಾರ್ರಿ," ಅಂದು ಫೋನ್ ಇಟ್ಟೆ.

ರೈಲು ಹತ್ತಿ ಮನೆ ಸೇರಿದರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ನನಗೂ ಮತ್ತೆ ಸೈಕಲ್ ಹತ್ತುವ ಧೈರ್ಯ ಇರುವುದಿಲ್ಲ. ಹಾಗಂತ ಒಪ್ಪತ್ತು ಮುರಿಯಲೂ ಮನಸ್ಸಿಲ್ಲ. ಮಿರೇಯ್‌ಗೆ ಹೇಳಿದೆ: "ಇವತ್ತು ನಂದು ಪೋಸ್." ಕೆಲಸದ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುವುದಕ್ಕೆ ಇಲ್ಲಿನವರು ಹಾಗೆನ್ನುತ್ತಾರೆ. ಅವರಿಗೆ ಮಂಗಳವಾರ ಮುಂದಿನ ಊರಿನಲ್ಲಿ ಹೇಗೂ ವಿಶ್ರಾಂತಿ ಇತ್ತು. "ನೀವು ನಡೀರಿ. ನಾಳೆ ಉಂಡು ಹೊರಟು ನಾನೊಬ್ಬಳೇ ಬರ್ತೀನಿ. ಹೊತ್ತು ಮುಳುಗೋದ್ರಾಗ ಬರ್ಲಿಲ್ಲಂದ್ರ ರೈಲು ಹತ್ತಿಸು." ಮಿರೇಯ್ ನನ್ನ ಮುಖ ನೋಡಿದಳು, ಭೂಪಟ ಮಡಚಿ ನನ್ನ ಚೀಲಕ್ಕೆ ಸಿಕ್ಕಿಸಿದಳು, ಗೆಳತಿಯರನ್ನು ಕರೆದುಕೊಂಡು ಹೊರಟಳು.

ಸಂಜೆ ಒದೆತ್‌ಳ ನಲ್ಲಿಯಲ್ಲಿ ಮೈ ತೊಳೆದುಕೊಂಡೆ. ಬಿಲ್ವಪತ್ರೆ ಎಲ್ಲಿಂದ ಬರಬೇಕು? ಅಂಗಳದಲ್ಲಿ ಕುರಿ ಮೇಯುವ ಮೂರೆಲೆಯ ಹುಲ್ಲಿತ್ತು. ತಪ್ಪಾದರೆ ಹೊಟ್ಟೆಗೆ ಹಾಕ್ಕೋ ತಂದೆ ಅಂತ ಲಿಂಗಕ್ಕೆ ಅದನ್ನೇ ಏರಿಸಿದೆ. ಒದೆತ್ ದೂರ ನಿಂತು ನೋಡಿದಳು. ನಾನು ಕೈಮುಗಿದು ಎದ್ದ ಮೇಲೆಯೇ ಬೇಯಿಸಿದ ಆಲೂಗಡ್ಡೆ, ದ್ರಾಕ್ಷಿ ತಂದಿಟ್ಟಳು. ಮಾಂಸ ಇಲ್ಲ ಅಂತ ತೋರಿಸಲು ತನ್ನ ಕುರಿಗಳ ಕಡೆ ಕೈ ಮಾಡಿ ಅಡ್ಡಡ್ಡ ತಲೆಯಾಡಿಸಿದಳು. ಅವಳೂ ಅಲ್ಲಿಯ ತನಕ ಉಂಡಿರಲಿಲ್ಲ.

ಮಂಗಳವಾರ ಹೊಟ್ಟೆ ತುಂಬ ಉಂಡು ಹೊರಟೆ. ಒಂದು ಕವಲಿನಲ್ಲಿ ದಾರಿ ತಪ್ಪಿ ದ್ರಾಕ್ಷಿ ತೋಟದೊಳಗೆ ನುಗ್ಗಿದೆ. ಎರಡು ಏರುಗಳಲ್ಲಿ ಇಳಿದು ಸೈಕಲ್ ತಳ್ಳಿದೆ. ಎದುರು ಗಾಳಿ. ಒಂದೊಂದು ತುಳಿತಕ್ಕೂ ನಮಃ ಶಿವಾಯ. ಮಧ್ಯಾಹ್ನದ ಹೊತ್ತಿಗೆ ಕಾಲು ನನ್ನದೇ ಅನ್ನಿಸಲಿಲ್ಲ, ಆದರೂ ತುಳಿಯುತ್ತಿತ್ತು. ಹೊತ್ತು ಇನ್ನೂ ಒಂದು ಮಾರು ಇರುವಾಗ ಡೇರೆ ಬಯಲಿನ ಗೇಟು ಕಂಡಿತು. ಮಿರೇಯ್ ಅಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ನಿಂತಿದ್ದಳು.

"ತಡ ಆತು," ಅಂದಳು. "ಸೂಪು ಆರೈತಿ."

ಆರಿದ ಸೂಪು ಎರಡು ಬಟ್ಟಲು ಕುಡಿದೆ. ನಲವತ್ತು ಕಿಲೋಮೀಟರು, ಒಬ್ಬಳೇ. ಹೆಮ್ಮೆ ಪಾಪ ಅಂತಾರೆ. ಇದೊಂದನ್ನು ಶಿವ ಮನ್ನಿಸಲಿ. ಶನಿವಾರ ಸಮುದ್ರ ಮುಟ್ಟಿದೆವು.

ಮೊನ್ನೆ ಮಿರೇಯ್ ಮುಂದಿನ ವರ್ಷದ ಸೈಕಲ್ ದಾರಿಯ ಪಟ್ಟಿ ತಂದು ಮೇಜಿನ ಮೇಲೆ ಇಟ್ಟಳು. ಸೋಮವಾರದ ಎದುರಿಗೆ ಯಾವ ಊರೂ ಇಲ್ಲ, 'ಪೋಸ್' ಅಂತ ಬರೆದಿದೆ. "ನಾವೂ ಮುದುಕಿಯರೇ, ನಿಂತ್ರ ಏನಾತು," ಅಂದಳು. ತೊಂದರೆ ಏನೆಂದರೆ ಕಾರ್ಖಾನೆ ರಜೆ ಕೊಡುವುದೂ ಆಗಸ್ಟಿನಲ್ಲಿ ಮಾತ್ರ, ನಾವು ಊರಿಗೆ ಹೋಗಲಾಗುವುದೂ ಆಗಲೇ. ಈ ವರ್ಷ ಮೆಷಿನ್ ರಿಪೇರಿಗೆ ಇವರು ಉಳಿದರು, ಮುಂದಿನ ಶ್ರಾವಣಕ್ಕೆ ರಾಯದುರ್ಗ ಅಂತ ಊರಿನವರಿಗೆ ಮಾತು ಕೊಟ್ಟಾಗಿದೆ. ಅವತ್ತೇ ತಂಗಿ ಗಂಗಮ್ಮ ಫೋನ್ ಮಾಡಿದಳು.

"ಬರೋ ಶ್ರಾವಣಕ್ಕ ಬಂದೇ ಬರ್ತೀಯಲ್ಲಕ್ಕ?"

"ನೋಡ್ತೀನಿ."

"ನೋಡ್ತೀಯಾ? ನಿನ್ನ ಊರಿಗೆ ಬರಾಕ ನೋಡೋದೇನೈತಿ?"

ಅಲ್ಲಿ ಮಳೆ ಆತೇನು ಅಂತ ಕೇಳಿ ಮಾತು ತಿರುಗಿಸಿದೆ. ಪಟ್ಟಿಯ ಕೆಳಗೆ ಮಿರೇಯ್ ನನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ, ಬೇಕಾದರೆ ಅಳಿಸಲಿ ಅಂತ. ನಾನು ಅಳಿಸಿಲ್ಲ. ಪೆನ್ನು ತೆಗೆದುಕೊಂಡು ಮೇಲೆ ತಿದ್ದಿಯೂ ಇಲ್ಲ.