ದಮ್ಮಡಿ ಯಾವ ಕಡೆ

ಒಂದು ಕಡೆ ಸುಮ್ಮನೆ ಕೂತು ಹಾಡು ಕೇಳುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ಪಲ್ಲವಿ ಮುಗಿಯುವುದರೊಳಗೆ ಎದ್ದಿರುತ್ತೇನೆ. ಎಡಗಡೆಯ ಸ್ಪೀಕರನ್ನು ಬೆರಳಷ್ಟು ತಿರುಗಿಸಿ ಬಂದು ಕೂರುತ್ತೇನೆ, ಸರಿಹೋಗಲಿಲ್ಲ ಅನ್ನಿಸಿ ಮತ್ತೆ ಎದ್ದು ಅದನ್ನು ಗೋಡೆಯ ಕಡೆಗೆ ಸರಿಸುತ್ತೇನೆ. ನಾರಾಯಣಪೇಟೆಯ ನಮ್ಮ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ, ಮತ್ತೆ ಮಡಚಿ ಅಭ್ಯಾಸವಾದ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ನಾನು ಕೇಳುವುದು ಹಾಡನ್ನಲ್ಲ, ಡಬ್ಬಿಯನ್ನು ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅವಳು ಹಾಗಲ್ಲ. ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕೂತಳೆಂದರೆ ಹಾಡು ಮುಗಿಯುವವರೆಗೆ ಏಳುತ್ತಿರಲಿಲ್ಲ. ದಾಮರಗಿದ್ದದ ಕಡೆಯ ಒಬ್ಬ ಮುದುಕಿ ಹಾಡಿದ ತತ್ವಪದವೊಂದು ಅವಳಿಗೆ ಪ್ರಾಣ. ಅದರಲ್ಲಿ ನಡುವೆ ಮುದುಕಿಯ ದನಿ, ಎಡಕ್ಕೆ ತಾಳ, ಬಲಕ್ಕೆ ದಮ್ಮಡಿ. ಚರ್ಮ ಬಿಗಿದ ಆ ಪುಟ್ಟ ವಾದ್ಯದ ಒಂದೊಂದು ಪೆಟ್ಟಿಗೂ ಸರಿಯಾಗಿ ಇವಳ ಬೆರಳು ಮೊಣಕಾಲ ಮೇಲೆ ಬಡಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಪದ ಹಚ್ಚಿದಾಗ ಅವಳು ಬಲಗಡೆಯ ಡಬ್ಬಿ ಕೆಟ್ಟಿದೆ, ದಮ್ಮಡಿ ಕೇಳಿಸುತ್ತಿಲ್ಲ ಎಂದಳು. ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಡಬ್ಬಿ ಬಿಚ್ಚಲು ನನಗೆ ನೆಪ ಸಾಕು. ಸ್ಕ್ರೂ ತೆಗೆದು, ತಂತಿ ಎಳೆದು ನೋಡುತ್ತಿದ್ದೆ. ಅವಳು ಒಂದು ಕಿವಿಗೆ ಬೆರಳಿಟ್ಟು ತೆಗೆದು, ಇನ್ನೊಂದಕ್ಕೆ ಇಟ್ಟು ತೆಗೆದಳು.

"ಡಬ್ಬಿ ಮುಚ್ಚರಿ. ನನ್ನ ಬಲಗಿವೀನ ಹೋಗೇತಿ."

ಅಂದೇ ರಾಯಚೂರಿಗೆ ಓಡಿದೆವು. ಗುಳಿಗೆ, ಸೂಜಿ ಎಲ್ಲ ಆದವು. ಕಿವಿ ಮರಳಿ ಬರಲಿಲ್ಲ.

ಅವಳು ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ಮದುವೆ ಮುಂಜಿಗೆ ಹೋದರೆ ಎಡಗಿವಿ ಜನರ ಕಡೆಗಿರುವಂತೆ ಗೋಡೆಯ ಪಕ್ಕ ಹುಡುಕಿ ಕೂರುತ್ತಿದ್ದಳು. ಸದ್ದು ಕಡಿಮೆಯಾದದ್ದಕ್ಕಿಂತ ಅದು ಎಲ್ಲಿಂದ ಬರುತ್ತದೆಂದು ತಿಳಿಯದಿರುವುದೇ ಅವಳಿಗೆ ದೊಡ್ಡ ಕಷ್ಟ. ನಾನು ಮಾಳಿಗೆಯಿಂದ ಕೂಗಿದರೆ ಹಿತ್ತಲಿಗೆ ಹೋಗಿ ಹುಡುಕುತ್ತಿದ್ದಳು. ಹಾಡಿನ ಕೋಣೆಗೆ ಬರುವುದನ್ನು ಪೂರ್ತಿ ಬಿಟ್ಟಳು. ಅರ್ಧ ಹಾಡು ಕೇಳಲು ಯಾಕೆ ಕೂರಬೇಕು ಎಂದು ಒಮ್ಮೆ ಅಂದವಳು ಮತ್ತೆ ಆ ಮಾತನ್ನೇ ಎತ್ತಲಿಲ್ಲ. ಪಕ್ಕದ ಖಾಲಿ ಕುರ್ಚಿ ನೋಡಿದಾಗಲೆಲ್ಲ ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತಿತ್ತು. ಅವಳು ಅಲ್ಲಿ ಬಂದು ಕೂರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಆಗ ನನ್ನ ತಲೆಗೆ ಹತ್ತಿದ್ದು ಸುತ್ತಲೂ ಸದ್ದು ಬೀರುವ ಸ್ಪೀಕರಿನ ಹುಚ್ಚು. ಮಾಮೂಲಿ ಡಬ್ಬಿ ನಿಮ್ಮ ಮುಖ ನೋಡಿಕೊಂಡು ಹಾಡುತ್ತದೆ. ಇದು ಹಾಗಲ್ಲ, ಕೋಣೆಯ ನಡುವೆ ನಿಂತು ನಾಲ್ಕೂ ಗೋಡೆಗೆ ಹಾಡುತ್ತದೆ. ಗೋಡೆಗಳು ಹಿಂದಕ್ಕೆ ಕಳಿಸಿದ ಸದ್ದು ಎಲ್ಲ ಕಡೆಯಿಂದ ಬರುವುದರಿಂದ, ಒಂದೇ ಕಿವಿ ಇದ್ದವರಿಗೂ ಏನೂ ತಪ್ಪಿಹೋಗದು ಎಂದು ನನ್ನ ಲೆಕ್ಕ.

ಇದಕ್ಕೆ ಮೊದಲ ವಿರೋಧ ಗದ್ವಾಲದ ಗೆಳೆಯನದು. ಅವನು ಅಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಅವನ ಮಾಳಿಗೆಯ ಕೋಣೆಯಲ್ಲಿ ಒಂದೇ ಕುರ್ಚಿ. ಅದರ ಕಾಲು ಎಲ್ಲಿರಬೇಕೆಂದು ನೆಲಕ್ಕೆ ಬಣ್ಣದ ಗುರುತು ಹಾಕಿದ್ದಾನೆ. ಕಸ ಗುಡಿಸುವಾಗಲೂ ಅದನ್ನು ಯಾರೂ ಅಲುಗಿಸುವಂತಿಲ್ಲ. ಅಲ್ಲಿ ಕೂತರೆ ಹಾಡುವವಳು ಗಾಳಿಯಲ್ಲಿ ಎದುರಿಗೇ ನಿಲ್ಲುತ್ತಾಳೆ, ಒಂದು ಗೇಣು ಸರಿದರೆ ಮಾಯ. ಜುರಾಲ ಅಣೆಕಟ್ಟು, ಧರೂರು ದಾಟಿ ಬಸ್ಸಿನಲ್ಲಿ ಅವನ ಮನೆಗೆ ಎಷ್ಟೋ ಸಲ ಹೋಗಿ ಆ ಕುರ್ಚಿಯಲ್ಲಿ ಕೂತು ಬೆರಗಾಗಿದ್ದೇನೆ. ಗೋಡೆಯಿಂದ ಬರುವ ಸದ್ದು ಅವನ ಪ್ರಕಾರ ಕಸ.

ಫೋನಿನಲ್ಲಿ ನಮ್ಮಂಥ ಕಿವಿಹುಚ್ಚರದೊಂದು ಗುಂಪಿದೆ. ಅಲ್ಲಿ ಈ ಮಾತು ತೆಗೆದದ್ದೇ ತಡ, ಜಗಳ ಹತ್ತಿಕೊಂಡಿತು. ವಾದ್ಯ ನುಡಿದರೆ ಅದರ ಸದ್ದು ಸುತ್ತಲೂ ಹರಡುತ್ತದೆ, ಸ್ಪೀಕರೂ ಹಾಗೇ ಇರಲಿ ಎಂದರು ಕೆಲವರು. ಇದರಲ್ಲಿ ಎಲ್ಲವೂ ಊರಬಾಗಿಲಷ್ಟು ದೊಡ್ಡದಾಗಿ ಕೇಳಿಸುತ್ತದೆ, ಪಿಟೀಲೂ ಅಷ್ಟೇ, ಕೊಳಲೂ ಅಷ್ಟೇ ಎಂದರು ಇನ್ನು ಕೆಲವರು. ನನ್ನ ಪಕ್ಷದವರಾದರೂ ಒಗ್ಗಟ್ಟಾಗಿದ್ದರೇ? ಅವರು ಡ್ರೈವರ್ ವಿಷಯಕ್ಕೆ ಬಡಿದಾಡಿದರು. ಡ್ರೈವರ್ ಎಂದರೆ ಡಬ್ಬಿಯೊಳಗೆ ನಡುಗಿ ಸದ್ದು ಹೊರಡಿಸುವ ಕಾಗದದ ಬಟ್ಟಲು. ದಪ್ಪ ದನಿ ತಾನಾಗಿ ಸುತ್ತ ಹರಡುತ್ತದೆ, ಸಣ್ಣ ದನಿ ಮಾತ್ರ ಬ್ಯಾಟರಿ ಬೆಳಕಿನ ಹಾಗೆ ನೇರ ಹೋಗುತ್ತದೆ. ಅದನ್ನು ಸುತ್ತಲೂ ಚೆಲ್ಲುವುದೇ ಕಷ್ಟ. ಬಟ್ಟಲನ್ನು ಅಂಗಾತ ಮಲಗಿಸಿ ಮೇಲೊಂದು ಶಂಕು ತೂಗುಹಾಕಿ ಸದ್ದನ್ನು ಸುತ್ತ ಚೆದುರಿಸುವುದು ಕಳ್ಳದಾರಿ, ಡ್ರೈವರೇ ಎಲ್ಲ ದಿಕ್ಕಿಗೂ ನಡುಗಬೇಕು ಎಂದು ಶುದ್ಧಾಚಾರದವರ ವಾದ. ಅಂಥವು ನಿಂತ ತಗಡಿನ ಆಲಿಕೆಯ ಹಾಗೋ, ಬಾಗುವ ಎಸಳುಗಳ ಹಾಗೋ ಇರುತ್ತವೆ. ನಾನು ಚಿತ್ರದಲ್ಲಿ ನೋಡಿದ್ದೇನೆ ಅಷ್ಟೇ. ನನಗೆ ದಕ್ಕುವುದು ಕಳ್ಳದಾರಿಯೊಂದೇ.

ಬೋರ್‌ವೆಲ್ಲಿಗೆ ಇಳಿಸುವ ಕೇಸಿಂಗ್ ಪೈಪಿನ ಸೊಂಟದೆತ್ತರದ ತುಂಡು ತಂದೆ. ಅದರ ಬಾಯಿಗೆ ಡ್ರೈವರನ್ನು ಮೇಲ್ಮುಖವಾಗಿ ಕೂರಿಸಿದೆ. ಮಕ್ತಲದಲ್ಲಿ ತೊಟ್ಟಿಲ ಕಾಲು ಕಡೆಯುವವನಿಂದ ಬುಗುರಿಯಾಕಾರದ ಮರದ ತುಂಡು ಮಾಡಿಸಿ, ಮೊನೆ ಕೆಳಗಾಗಿ ಡ್ರೈವರಿನ ಮೇಲೆ ಕಡ್ಡಿಗಳ ಮೇಲೆ ನಿಲ್ಲಿಸಿದೆ. ಸಣ್ಣ ದನಿಗೆ ಅದರ ನೆತ್ತಿಯಲ್ಲಿ ಇನ್ನೊಂದು ಪುಟ್ಟ ಡ್ರೈವರ್, ಅದರ ಮೇಲೊಂದು ದುಂಡನೆಯ ಮುಚ್ಚಳ. ಇಡೀ ಕಂಬಕ್ಕೆ ಕಪ್ಪು ಬಣ್ಣ ಬಳಿದೆ. ಕಂಬ ಒಂದೇ, ಆದ್ದರಿಂದ ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿದೆ. ಇದನ್ನು ಕೇಳಿದ ಗೆಳೆಯ ತಡೆಯಲಾರದೆ ಬರೆದ: "ದೇವ್ರು ಎರಡು ಕಿವಿ ಕೊಟ್ಟಾನ, ಒಂದರಾಗ ಕೇಳಾಕ ಯಾಕ ಹೊಂಟೀಯೋ ಮಾರಾಯಾ?" ಅವನಿಗೆ ಏನೂ ಗೊತ್ತಿರಲಿಲ್ಲ, ನಿಜ. ಆದರೂ ಮೈಯೆಲ್ಲ ಉರಿಯಿತು. ಆಮೇಲೆ ಬಹಳ ದಿನ ಅವನಿಗೆ ಉತ್ತರ ಬರೆಯಲಿಲ್ಲ.

ಬಣ್ಣ ಒಣಗುವ ಹೊತ್ತಿಗೆ ಐಜದಿಂದ ನನ್ನ ಸೋದರತ್ತೆ ಬಂದರು. ಶಿವಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಮರುದಿನ ಸೋಮವಾರ. ನಾನು ಅಂಗಡಿ ಬಾಗಿಲು ತೆಗೆಯಲು ಹೋಗಿದ್ದೆ. ಸ್ನಾನ ಮಾಡಿ ಬಂದ ಅತ್ತೆಗೆ ಕೋಣೆಯ ನಟ್ಟನಡುವೆ ಕಪ್ಪಗೆ, ದುಂಡಗೆ ನಿಂತದ್ದು ಕಣ್ಣಿಗೆ ಬಿತ್ತು. ಅಳಿಯನಿಗೆ ಕೊನೆಗೂ ಭಕ್ತಿ ಬಂತೆಂದು ಸಂತೋಷಪಟ್ಟು, ಮೂರು ಬೆರಳ ವಿಭೂತಿ ಎಳೆದು, ಪತ್ರಿ ಏರಿಸಿ, ತುಂಬಿದ ಚೊಂಬಿನ ನೀರನ್ನು ನಿಧಾನವಾಗಿ ನೆತ್ತಿಯಿಂದ ಎರೆದುಬಿಟ್ಟರು. ನೀರು ಬುಗುರಿಯ ಮೈಗುಂಟ ಇಳಿದು ನೇರವಾಗಿ ಕಾಗದದ ಬಟ್ಟಲು ತುಂಬಿತು. ಎದುರಿಗೆ ಮುಖ ಮಾಡಿದ ಮಾಮೂಲಿ ಡಬ್ಬಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಈ ಡ್ರೈವರ್ ವಿನ್ಯಾಸದ ಇಂಥ ದೋಷವನ್ನು ನಮ್ಮ ಗುಂಪಿನ ಒಬ್ಬ ಪಂಡಿತನೂ ಊಹಿಸಿರಲಿಲ್ಲ.

ನಾನು ಬಂದು ನೋಡಿ ತಲೆ ಚಚ್ಚಿಕೊಂಡೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

"ಅತ್ತಿಯವರು ಒಂದಿನ ಪೂಜಾ ಮಾಡಿದ್ರು. ನೀವು ದಿನಾ ಮಾಡ್ತೀರಿ. ಏನ್ರಿ ಫರಕ್?"

ನೆನೆದ ಡ್ರೈವರನ್ನು ಮಕ್ತಲಕ್ಕೆ ಒಯ್ದೆ. ಅಲ್ಲಿ ಮೆರವಣಿಗೆಯ ದೊಡ್ಡ ಸೌಂಡ್ ಬಾಕ್ಸ್ ರಿಪೇರಿ ಮಾಡುವವನ ಬಳಿ ಇದ್ದದ್ದು ದಪ್ಪ ಕಾಗದದ ಬಟ್ಟಲು ಮಾತ್ರ. ಬೇಡವೆಂದರೆ ಬೇರೆ ಗತಿಯಿರಲಿಲ್ಲ. ಅದನ್ನೇ ಅಂಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಅದು ಒರಟಾಗಿ ಕೇಳಿಸುತ್ತದೆಂದು ಚಡಪಡಿಸುತ್ತ ಬಂದೆ. ಒರಟಾಗಿಯೇ ಇತ್ತು. ನಾಚಿಕೊಂಡು ಊರಿಗೆ ಹೋಗಿದ್ದ ಅತ್ತೆ ತಮ್ಮ ಹೊಲದ ಹತ್ತಿ ಒಂದು ಚೀಲ ಕಳಿಸಿದರು. ಪೈಪಿನೊಳಗೆ ಅದನ್ನು ತುಂಬಿದ ಮೇಲೆ ದನಿ ಸ್ವಲ್ಪ ಮೆತ್ತಗಾಯಿತು.

ಆದರೆ ಅವಳು ಬರಲಿಲ್ಲ. ಪದ ಹಚ್ಚಿದೆ, ಅಡುಗೆಮನೆಯಿಂದಲೇ ಕೇಳಿದಳು. ಹೇಗಿದೆ ಎಂದರೆ ಕೇಳ್ತೈತಿ ಅಂದು ರೊಟ್ಟಿ ಬಡಿಯತೊಡಗಿದಳು. ನಾನು ಕಂಬವನ್ನು ಕಿಟಕಿಯ ಕಡೆ ಸರಿಸಿದೆ, ನಡುವೆ ತಂದೆ, ಹತ್ತಿ ತೆಗೆದೆ, ಮತ್ತೆ ತುಂಬಿದೆ. ಖಾಲಿ ಕುರ್ಚಿ ಖಾಲಿಯಾಗಿಯೇ ಉಳಿಯಿತು. ಯಾರಾದರೂ ಒಬ್ಬರು ಬಂದು ಚೆನ್ನಾಗಿದೆ ಎಂದರೆ ಸಾಕೆನ್ನಿಸಿ, ಸಿಟ್ಟು ನುಂಗಿಕೊಂಡು ಗದ್ವಾಲದವನಿಗೆ ಫೋನ್ ಮಾಡಿದೆ.

ಅವನು ರಜೆಯ ದಿನ ಮಧ್ಯಾಹ್ನ ಬಂದ. ಚಪ್ಪಾಳೆ ತಟ್ಟಿ ಗೋಡೆಗಳನ್ನು ಪರೀಕ್ಷಿಸಿ, ನನ್ನ ಕುರ್ಚಿಯಲ್ಲಿ ಕೂತ. ಹಾಡು ನಡೆದಿರುವಾಗಲೇ ಎದ್ದ. ಕಂಬಕ್ಕೆ ಒಂದು ಸುತ್ತು ಹಾಕಿ, ಬಾಗಿಲ ಬಳಿ ನಿಂತು ಕೇಳಿ, ಮತ್ತೆ ಬಂದು ಕೂತು ತಲೆಯಾಡಿಸಿದ. ನಾನು ಪರೀಕ್ಷೆ ಬರೆದ ಹುಡುಗನಂತೆ ಅವನ ಮುಖವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು.

"ದನಿ ಖರೇನ ಚಲೋ ಐತಿ," ಎಂದ ಅವನು. "ಆದ್ರ ಮುದುಕಿ ಎಲ್ಲಿ ಕುಂತಾಳ, ದಮ್ಮಡಿ ಯಾವ ಕಡೆ ಐತಿ, ಒಂದೂ ತಿಳೀವಲ್ದಲ್ಲೋ. ಇದನ್ನ ಹಾಡು ಕೇಳೂದು ಅಂತಾರೇನು?"

ನಾನು ಬಾಯಿ ತೆರೆಯುವ ಮೊದಲೇ ಅವಳು ಚಹಾದ ತಟ್ಟೆ ಕೆಳಗಿಟ್ಟಳು.

"ನಂಗೂ ತಿಳಿಯೂದಿಲ್ರಿ ಅಣ್ಣಾರ. ಬಲಗಿವಿ ಹೋಗಿ ಎರಡು ವರ್ಷಾತು. ಯಾರ ಕರದ್ರೂ ಎಲ್ಲಿಂದ ಕರೀತಾರ ಗೊತ್ತಾಗಂಗಿಲ್ಲ."

ಗೆಳೆಯ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವಳು ಬಂದು ಆ ಖಾಲಿ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

"ಈ ಖೋಲ್ಯಾಗ ನಿಮಗೂ ನನ್ನಂಗ ಕೇಳ್ತೈತಿ ಅಂದಂಗಾತು. ಹಂಗಾರ ನಾನೂ ಕುಂದ್ರತೀನಿ. ರೀ, ಪದ ಮೊದಲಿಂದ ಹಚ್ಚರಿ."

ನಾನು ಮೊದಲಿಂದ ಹಚ್ಚಿ, ಕೂರಲು ಜಾಗವಿಲ್ಲದೆ ಕಂಬದ ಪಕ್ಕ ನೆಲದ ಮೇಲೆ ಕೂತೆ. ಮುದುಕಿ ಹಾಡತೊಡಗಿದಳು. ದಮ್ಮಡಿ ಸೇರಿಕೊಂಡಾಗ ಇವಳ ಬೆರಳು ಮೊಣಕಾಲ ಮೇಲೆ ಬಡಿಯಲಾರಂಭಿಸಿತು. ಗೆಳೆಯ ಅವಳ ಬಲಗಡೆ ಕೂತಿದ್ದ. ಪದ ನಡೆದಿರುವಾಗಲೇ ಸದ್ದಾಗದಂತೆ ಕುರ್ಚಿ ಎತ್ತಿಕೊಂಡು ಅವಳ ಎಡಗಡೆಗೆ ಹೋಗಿ ಕೂತ.